ಸಂಜೆ ಬೇಡಲು ಹೋದ ಶಿಷ್ಯ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಒಬ್ಬ ಅಜ್ಜ, ಒಬ್ಬ ಶಿಷ್ಯ, ಒಂದು ಹುಣಸೆ ಮರ. ಕತೆಗೆ ಇಷ್ಟು ಸಾಕು.

ಅಜ್ಜನನ್ನು ಎಲ್ಲರೂ ಹೊಳಿ ಅಜ್ಜ ಅಂತಲೇ ಕರೆಯುತ್ತಿದ್ದರು. ಅವರಿಗೆ ಇದ್ದದ್ದು ಒಂದೇ ಚಟ, ಎಲೆ ಅಡಿಕೆ. ಸನ್ಯಾಸಿಗೆ ಎಲೆ ಅಡಿಕೆ ಸಲ್ಲದು ಎಂದು ಶಾಸ್ತ್ರ ಹೇಳಲು ಬಂದವರೂ ಇದ್ದರು. ಅವರು ಬಾಯಿ ತೆರೆದ ಕೂಡಲೇ ಅಜ್ಜ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ದವಡೆಗೆ ಒತ್ತಿಕೊಳ್ಳುತ್ತಿದ್ದರು. ಶಾಸ್ತ್ರ ಮುಗಿಯುವ ತನಕ ಜಗಿಯುತ್ತ ಕೂಡುತ್ತಿದ್ದರು.

ಶಿಷ್ಯನ ಹೆಸರು ಅಡಿವೆಯ್ಯ. ಒಳ್ಳೆಯವನು, ಹುರುಪಿನವನು. ಹುರುಪು ಸ್ವಲ್ಪ ಹೆಚ್ಚೇ ಇತ್ತು ಅನ್ನಿ.

ಒಂದು ದಿನ ಹುಣಸಿನಾಳದಿಂದ ನೀಲವ್ವ ಬಂದಳು. ಇನ್ನೂ ಮದುವೆಯಾಗದ ಹುಡುಗಿ. ಆ ಊರಿನ ಹಳೆಯ ಹತ್ತಿ ಗೋದಾಮಿನ ಕೋಣೆಯಲ್ಲಿ ಸಂಜೆ ಸಂಜೆ ಹುಡುಗ ಹುಡುಗಿಯರು ಸೇರುತ್ತಿದ್ದರು. ಚಿಕ್ಕ ಮಕ್ಕಳಿಗೆ ಪಾಠ ಹೇಳುವುದು, ಪೇಪರ್ ಓದುವುದು, ಹಲಗಿ ಬಾರಿಸುವುದು, ಹೀಗೆ. ಆ ಸಂಘವನ್ನು ಕೂಡಿಸಿದವಳು ಇವಳೇ.

"ಅಜ್ಜಾರ, ನಮ್ಮ ಕೋಣಿಗೆ ಕೀಲಿ ಬೀಳತೈತ್ರಿ," ಎಂದಳು.

"ಯಾಕವ್ವ?"

"ಇಬ್ಬರು ಹುಡುಗರು ಬಡದಾಡಿದ್ರು. ಒಬ್ಬನ ತಲಿ ಒಡೀತು. ಬರೋ ಹುಣ್ಣಿವಿ ಒಳಗ ನಿಮ್ಮ ಜೋಡಿ ಕೂಡಾಕ ಒಬ್ಬರರ ಹಿರ್ಯಾರು ಸಿಗಬೇಕು, ಇಲ್ಲಂದ್ರ ಕೀಲಿ ಜಡೀತೀವಿ ಅಂತ ಗೌಡ್ರು ಹೇಳ್ಯಾರ. ಊರೆಲ್ಲ ಕೇಳೀವ್ರಿ. ಎಲ್ಲಾರೂ ಒಲ್ಲೆ ಅಂತಾರ."

"ಕೀಲಿ ಬಿದ್ರ ಏನಾಗತೈತಿ?"

"ಹುಡುಗರು ಸಾರಾಯಿ ಅಂಗಡಿ ಕಟ್ಟಿಗೆ ಹೋಗಿ ಕೂಡ್ತಾರ್ರಿ. ನಮ್ಮನ್ನ ಮನಿ ಬಿಟ್ಟು ಹೊರಗ ಕಳಸೂದಿಲ್ಲ." ಆಮೇಲೆ ಸಣ್ಣ ದನಿಯಲ್ಲಿ, "ದಿನಕ್ಕ ಅದೊಂದು ತಾಸು ನಂದು ಅನ್ನೂದು ಐತ್ರಿ ನನಗ," ಎಂದಳು.

ಅವಳು ಹೋದ ಮೇಲೆ ಅಡಿವೆಯ್ಯ ಮುಂದೆ ಬಂದ.

"ಅಜ್ಜಾರ, ಇದನ್ನ ನನಗ ಬಿಡ್ರಿ. ಬರೇ ಹುಣಸಿನಾಳ ಯಾಕ, ಹೊಳಿಸಾಲಿನ ಎಲ್ಲಾ ಊರಿಗೂ ಹಿರ್ಯಾರನ್ನ ಹುಡುಕೂಣು. ಒಂದು ದೊಡ್ಡ ಸಭಾ ಮಾಡೂಣು. ಹುಡುಗರ ಬೆನ್ನಿಗೆ ನಾ ನಿಲ್ತೀನಿ ಅಂತ ಯಾರು ಮುಂದ ಬರ್ತಾರೋ ಅವರಿಗೆ ಶಾಲು ಹೊದಿಸಿ, ಹಾರ ಹಾಕಿ ಸನ್ಮಾನ ಮಾಡೂಣು. ಹೆಂಗಂತೀರಿ?"

ಅಜ್ಜ ಸಂಚಿ ಬಿಚ್ಚಿದರು. ಒಂದು ಎಲೆ ಮಡಚಿ ಬಾಯಿಗಿಟ್ಟುಕೊಂಡರು. ತಲೆಯಾಡಿಸಿದರು. ಹೌದೋ ಅಲ್ಲವೋ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು ಆ ತಲೆಯಾಡಿಕೆ. ಅಡಿವೆಯ್ಯ ಹೌದು ಅಂತಲೇ ತಿಳಿದ.

ಸಭೆ ಆಯಿತು. ಶಾಲು ಅಂದರೆ ನಮ್ಮ ಕಡೆಯವರು ಹೇಗೆ ಅಂತ ನಿಮಗೆ ಗೊತ್ತೇ ಇದೆ. ಬಿಸಿಲು ತಲೆ ಸುಡುತ್ತಿದ್ದರೂ ಒಬ್ಬರೂ ಶಾಲು ಬೇಡ ಅನ್ನಲಿಲ್ಲ. ನಿವೃತ್ತ ಮಾಸ್ತರರು ಬಂದರು, ಸೊಸೈಟಿ ಅಧ್ಯಕ್ಷರು ಬಂದರು, ಗಿರಣಿ ಮಾಲಕರು ಬಂದರು. ಒಬ್ಬರಂತೂ ಫೋಟೋ ಸರಿ ಬಂದಿಲ್ಲವೆಂದು ಎರಡನೇ ಸಲ ಹೊದ್ದರು.

ಎಲ್ಲರೂ ಮಾತಾಡಿದರು. ಯುವಕರೇ ದೇಶದ ಬೆನ್ನೆಲುಬು ಎಂದು ಎಲ್ಲರೂ ಹೇಳಿದರು. ಅಷ್ಟು ಹೊತ್ತು ನೆಲದ ಮೇಲೆ ಕೂತು ಆ ಬೆನ್ನೆಲುಬುಗಳೆಲ್ಲ ನೋಯುತ್ತಿದ್ದವು.

ಮರುದಿನ ಸಂಜೆ ಹುಣಸಿನಾಳದ ಕೋಣೆಗೆ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬೇರೆ ಊರುಗಳಲ್ಲೂ ಅದೇ ಹಣೆಬರಹ. ಅಡಿವೆಯ್ಯ ಶಾಲು ಹೊದ್ದವರ ಮನೆಮನೆಗೆ ಹೋದ. ಒಬ್ಬರಿಗೆ ಸೊಂಟ ನೋವು, ಒಬ್ಬರಿಗೆ ಬೀಗರು ಬಂದಿದ್ದರು. ಮಾಸ್ತರರು ಬಂದೇ ಬರ್ತೀನಿ ಅಂದರು, ಯಾವತ್ತು ಅನ್ನಲಿಲ್ಲ.

ಅಡಿವೆಯ್ಯ ಸೋತ ಮುಖದಲ್ಲಿ ಬಂದು ಹುಣಸೆ ಮರದ ಕೆಳಗೆ ಕೂತ.

"ಎಷ್ಟು ಮಂದಿ ಮಾತು ಕೊಟ್ಟಿದ್ರು ಅಜ್ಜಾರ. ಒಬ್ಬರೂ ಬರಲಿಲ್ಲ."

"ಶಾಲು ಹೊದ್ದವಗ ಬೆಚ್ಚಗಾಗತೈತಿ," ಎಂದರು ಅಜ್ಜ. "ಬೆಚ್ಚಗಾದವಗ ನಿದ್ದಿ ಬರತೈತಿ. ಅವರದೇನು ತಪ್ಪು?"

"ಹಂಗಾರ ನಾ ಏನು ಕೊಡಬೇಕಿತ್ರಿ?"

ಅಜ್ಜ ಎದ್ದು ಒಳಗೆ ಹೋಗಿ, ಗೂಟಕ್ಕೆ ನೇತು ಹಾಕಿದ್ದ ತಮ್ಮ ಜೋಳಿಗೆ ತಂದು ಶಿಷ್ಯನ ಹೆಗಲಿಗೆ ಹಾಕಿದರು.

"ಕೊಡಬ್ಯಾಡ. ಬೇಡು."

"ಏನು ಬೇಡಲಿ?"

"ಸಂಜಿ."

ಅಡಿವೆಯ್ಯನಿಗೆ ನಾಚಿಕೆ. ಹಿಟ್ಟು ಬೇಡಿದ್ದ, ಬೆಲ್ಲ ಬೇಡಿದ್ದ, ಆಶ್ರಮದ ದಾಸೋಹಕ್ಕೆ ಸೌದೆ ಕೂಡ ಬೇಡಿದ್ದ. ಸಂಜೆ ಬೇಡಿದವರನ್ನು ಅವನು ಕಂಡಿರಲಿಲ್ಲ. ಆದರೂ ಹುಣಸಿನಾಳಕ್ಕೆ ಹೋಗಿ ಮೊದಲ ಬಾಗಿಲಲ್ಲೇ ನಿಂತ.

"ನಿಮ್ಮದೊಂದು ಸಂಜಿ ಹಾಕ್ರಿ ಯಪ್ಪಾ. ಹತ್ತಿ ಗೋದಾಮಿನ ಹುಡುಗರಿಗೆ."

ಆ ಯಜಮಾನ ಜೋಳಿಗೆಯನ್ನು ನೋಡಿದ, ಅಡಿವೆಯ್ಯನನ್ನು ನೋಡಿದ.

"ಸಂಜಿ ಬ್ಯಾಡ. ಬೇಕಾದ್ರ ಒಂದು ಚೀಲ ಜ್ವಾಳ ಒಯ್ರಿ," ಎಂದ.

ಮುಂದಿನ ಮನೆಯಾಕೆ, "ನನ್ನ ಸಂಜಿ ನನಗ ಸಾಲೂದಿಲ್ಲ, ನಿಮಗೆಲ್ಲಿಂದ ಹಾಕಲಿ?" ಎಂದು ನಕ್ಕಳು. ಅದರ ಮುಂದಿನವರು ಮುಂದೆ ಹೋಗ್ರಿ ಎಂದರು. ಮುಂದೆ ಹೋಗಿ ಹೋಗಿ ಊರೇ ಮುಗಿಯಿತು.

ಆಶ್ರಮಕ್ಕೆ ಬಂದಾಗ ಅಜ್ಜ ಜೋಳಿಗೆಯನ್ನು ಬೋರಲು ಮಾಡಿ ಕೊಡವಿದರು. ಸ್ವಲ್ಪ ಧೂಳು ಬಿತ್ತು.

"ಎಲ್ಲಾ ಮನಿಗೂ ಹೋಗಿದ್ದೇನು?"

"ಒಂದು ಬಿಟ್ಟೀನ್ರಿ. ಗದಿಗೆಪ್ಪನ ಮನಿ. ಕೋಣಿ ಎದುರಿಗೇ ಐತಿ."

"ಅದನ್ಯಾಕ ಬಿಟ್ಟಿ?"

"ಗೌಡರಿಗೆ ಹುಡುಗರ ಮ್ಯಾಲ ದೂರು ಹೇಳಿದಾವ ಅವನ್ರಿ. ಅವನ ಬಾಯಿಗೆ ಬೀಳೂದ್ಯಾಕ ಅಂತ ಬಿಟ್ಟೆ."

"ಏನಂತ ದೂರು ಹೇಳ್ದ?"

ಅಡಿವೆಯ್ಯ ನೀಲವ್ವನಿಂದ ಕೇಳಿದ್ದನ್ನು ಹಾಗೇ ಒಪ್ಪಿಸಿದ. "ಬಡದಾಡಿದ ಇಬ್ಬರಾಗ ಯಮನೂರ ಅನ್ನಾವ ದಿನಾ ಎಲ್ಲಾರಿಗಿಂತ ಮೊದಲ ಬರ್ತಾನ, ಉಂಡಿರೂದಿಲ್ಲ ಅಂತ. ಇನ್ನೊಬ್ಬ ದುರಗೇಶ, ಅವನ ಕೆಮ್ಮು ಇನ್ನೂ ಹೋಗಿಲ್ಲ, ಆದ್ರೂ ಬಾಗಲದಾಗ ಗಾಳಿಗೆ ಕೂಡ್ತಾನ ಅಂತ. ಕಡೀಕ ನೀಲವ್ವ ಒಬ್ಬಾಕೀನ ಕಸಾ ಹೊಡದು ಹೋಗ್ತಾಳ, ಉಳಿದ ದಡ್ಡರು ಕೈ ಹಚ್ಚೂದಿಲ್ಲ ಅಂತ. ಹಲಗಿ ಮೂರನೇ ಪೆಟ್ಟಿಗೆ ದಿನಾ ತಪ್ಪತೈತಿ, ಕೇಳಿ ಕೇಳಿ ತಲಿ ಕೆಟ್ಟೈತಿ ಅಂತ."

ಅಜ್ಜ ಹೊಟ್ಟೆ ಕುಣಿಯುವ ಹಾಗೆ ನಕ್ಕರು.

"ಅಷ್ಟೂ ಅವಗ ಹೆಂಗ ಗೊತ್ತಾತೋ?"

ಅಡಿವೆಯ್ಯ ತಟ್ಟನೆ ಎದ್ದ. ಜೋಳಿಗೆ ಎತ್ತಿಕೊಂಡು ಬಂದ ದಾರಿಯಲ್ಲೇ ತಿರುಗಿ ಹೋದ.

ಗದಿಗೆಪ್ಪ ದನದ ಸಂತೆಯಲ್ಲಿ ದಲಾಲಿ ಮಾಡಿ ಮುದುಕನಾದವನು. ಸಂತೆಯ ಆ ತುದಿಯಲ್ಲಿದ್ದ ಎತ್ತಿಗೆ ಈ ತುದಿಯಿಂದ ದರ ಕೂಗಿದವನು. ಮನೆಯಲ್ಲಿ ಉಪ್ಪು ಕೇಳಿದರೂ ಊರಿಗೆಲ್ಲ ಕೇಳುತ್ತಿತ್ತು.

"ಏನು ಬೇಕು?"

"ಒಂದು ಸಂಜಿ ಬೇಕಾಗಿತ್ರಿ. ಎದುರಿನ ಕೋಣಿ ಹುಡುಗರಿಗೆ."

"ಆ ಮಂಗ್ಯಾನ ಮಕ್ಕಳಿಗೆ? ನನ್ನ ಸಂಜಿ?"

ಗೋಡೆಯ ಮೇಲಿದ್ದ ಗುಬ್ಬಿ ಹಾರಿಹೋಯಿತು. ಅಡಿವೆಯ್ಯ ಜೋಳಿಗೆ ಹಿಡಿದುಕೊಂಡು ನಿಂತೇ ಇದ್ದ. ಒಳಗಿನಿಂದ ಗದಿಗೆಪ್ಪನ ಹೆಂಡತಿ ಪಾರವ್ವ ಮಾತಾಡಿದಳು.

"ಹೋಗಿ ಬರ್ರಿ ಅಂತೀನಿ. ದಿನಾ ಕಿಡಕ್ಯಾಗ ನಿಂತು ನೋಡಿ ನೋಡಿ ಕಾಲು ನೋವು ಮಾಡ್ಕೋತೀರಿ. ಅಲ್ಲೇ ಹೋಗಿ ಕುಂತು ನೋಡ್ರಿ."

ಗದಿಗೆಪ್ಪ ಹೆಂಡತಿಯ ಕಡೆ ದುರುಗುಟ್ಟಿದ. ಆಮೇಲೆ ಜೋಳಿಗೆಯ ಬಾಯಿ ನೋಡಿದ. ಬಾಗಿಲಿಗೆ ಬಂದ ಜೋಳಿಗೆಯನ್ನು ಬರಿದೇ ಕಳಿಸಿದ ಮನೆತನವಲ್ಲ ಅದು.

"ಒಂದ. ಎರಡು ಕೇಳಬಾರದು."

"ಒಂದ ಸಾಕ್ರಿ."

ಗದಿಗೆಪ್ಪ ಹೋದ. ಅಂದು ಒಂದು ಸಂಜೆ ಹೋದವನು ಮರುದಿನವೂ ಹೋದ, ಯಾರೂ ಕೇಳದೆಯೇ. ಅಡಿವೆಯ್ಯ ಕುಣಿಯುವುದೊಂದು ಬಾಕಿ. ಹುಣ್ಣಿಮೆಗೆ ಇನ್ನೂ ದಿನಗಳಿದ್ದವು, ಹಿರಿಯರು ಸಿಕ್ಕಿದ್ದರು, ಕೋಣೆ ಉಳಿಯಿತು ಅಂತಲೇ ತಿಳಿದ.

ಆದರೆ ನಾಲ್ಕು ದಿನ ಕಳೆಯುವುದರೊಳಗೆ ಗದಿಗೆಪ್ಪನೇ ಹೊಳೆಯ ದಂಡೆಯಲ್ಲಿ ನಡೆದು ಬಂದ. ಅವನಿಗಿಂತ ಮುಂಚೆ ಅವನ ದನಿ ಬಂತು.

"ಅಜ್ಜಾರ, ನಿಮ್ಮ ಶಿಷ್ಯ ಸಂಜಿ ಬೇಡಿದ, ಕೊಟ್ಟೆ. ಕೋಣಿ ಕಸಾ ನಾನ ಹೊಡದೆ. ಹಲಗಿ ಹರದಿತ್ತು, ಹೆಂಗ ಬಾರಸಬೇಕು ಅಂತ ತೊಡಿ ಬಡದು ನಾನ ತೋರಿಸಿದೆ. ಯಾರು ಎಲ್ಲಿ ಕೂಡಬೇಕು, ನಾನ ಹೇಳಿದೆ. ಆ ಇಬ್ಬರ ಜಗಳಾನೂ ನಾನ ಬಗಿಹರಿಸಿದೆ. ತಪ್ಪು ಯಮನೂರಂದು ಅಂತ ಖಡಾಖಂಡಿತ ಹೇಳಿದೆ. ನಾ ಹುಡುಗ ಇದ್ದಾಗ ಹೆಂಗಿದ್ದೆ ಅನ್ನೂದನ್ನೂ ಪೂರಾ ಹೇಳಿದೆ."

"ಆಮ್ಯಾಲ?"

"ನಿನ್ನಿ ಹೋದ್ರ ಕೋಣಿ ಖಾಲಿ. ನೀಲವ್ವ ಒಬ್ಬಾಕಿ ಕುಂತಿದ್ಲು."

ಗದಿಗೆಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ.

"ಒಬ್ಬರೂ ಬರವಲ್ರು ಅಜ್ಜಾರ," ಎಂದ. ಅವನಿಗೆ ಅಷ್ಟು ಸಣ್ಣ ದನಿ ಇದೆ ಎಂದು ಅಡಿವೆಯ್ಯನಿಗೆ ಆವತ್ತೇ ಗೊತ್ತಾದದ್ದು. ಪಾಪ ಅನ್ನಿಸಿತು.

ಅಜ್ಜ ತಮ್ಮ ಎಲೆಯ ಸಂಚಿಯನ್ನು ಗದಿಗೆಪ್ಪನ ಕೈಯಲ್ಲಿಟ್ಟರು.

"ಹುಡುಗರು ಮಾತು ಶುರು ಮಾಡಿದ ಕೂಡ್ಲೆ ಒಂದು ಎಲಿ ಬಾಯಾಗ ಹಾಕೋ. ಅವರು ಮುಗಿಸೂ ತನಕ ಉಗಳಬ್ಯಾಡ."

"ಉಗುಳು ಬಂದ್ರ?"

"ನುಂಗು."

"ಸಿಟ್ಟು ಬಂದ್ರ?"

"ಅದನ್ನೂ."

"ಅವರು ತಪ್ಪು ಹೇಳಾಕ ಹತ್ತಿದ್ರ?"

"ಇನ್ನೊಂದು ಎಲಿ ಹಾಕೋ."

ಗದಿಗೆಪ್ಪ ಸಂಚಿಯನ್ನು ತಿರುವಿ ಮುರುವಿ ನೋಡಿದ. "ಇದರಾಗ ಮಂತ್ರಾ ಏನರ ಐತೇನ್ರಿ?"

"ಅಡಿಕಿ ಐತಿ."

ಮರುದಿನ ನೀಲವ್ವ ಮನೆಮನೆಗೆ ಹೋಗಿ, ಇದೊಂದು ದಿನ ಬರ್ರೆಪ್ಪ ಅಂತ ಎಲ್ಲರನ್ನೂ ಕರೆತಂದಳು. ಅಡಿವೆಯ್ಯನೂ ಹೋಗಿ ಬಾಗಿಲಲ್ಲಿ ನಿಂತ. ಹುಡುಗರು ಮುಖ ಗಂಟು ಹಾಕಿಕೊಂಡು ಕೂತಿದ್ದರು. ಬಡಿದಾಡಿದ ಇಬ್ಬರು, ಯಮನೂರ ಮತ್ತು ದುರಗೇಶ, ಆ ಗೋಡೆಗೊಬ್ಬ ಈ ಗೋಡೆಗೊಬ್ಬ. ದುರಗೇಶನ ತಲೆಯ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ.

ಯಮನೂರ ಬಾಯಿ ತೆರೆದ. ಗದಿಗೆಪ್ಪ ಎಲೆ ಮಡಚಿ ಬಾಯಿಗೆ ಹಾಕಿದ.

"ತಪ್ಪು ನಂದು ಅಂದ್ರಲ್ಲ," ಎಂದ ಯಮನೂರ. "ಆ ಹಲಗಿ ಯಾರದು ಅಂತ ಕೇಳಿದ್ರೇನು?"

ಗದಿಗೆಪ್ಪನ ಹುಬ್ಬು ಮೇಲೇರಿತು. ಕೆನ್ನೆ ಉಬ್ಬಿತ್ತು. ಮಾತು ಹೊರಡಲಿಲ್ಲ. ಬೈಗುಳ ಬರುತ್ತದೆ ಎಂದು ಯಮನೂರ ಕಾದ. ಬಾರದ್ದಕ್ಕೆ ಮುಂದೆ ಹೇಳಲೇಬೇಕಾಯಿತು.

"ನಮ್ಮಪ್ಪಂದು ಅದು. ಚರ್ಮ ಬಿಗೀಲಿ ಅಂತ ಹಲಗಿ ಕಾಸೂದಂದ್ರ ಬೆಂಕಿ ಮುಂದ ಸ್ವಲ್ಪ ಹೊತ್ತು ಹಿಡೀಬೇಕು. ಈ ದುರಗೇಶ ಹಿಡದಾವ ಹಿಡಕೊಂಡ ನಿಂತ. ಚರ್ಮ ಸೀಳಿ ಹೋತು. ನಮ್ಮಪ್ಪ ಹೋದ ಮ್ಯಾಲ ಮನ್ಯಾಗ ಅವನ ದನಿ ಅಂತ ಉಳಿದಿದ್ದು ಅದೊಂದ."

ಗದಿಗೆಪ್ಪ ಏನೋ ಹೇಳಲು ಬಾಯಿ ಬಿಟ್ಟ. ಕೆಂಪು ರಸ ಗಡ್ಡದ ಮೇಲೆ ಇಳಿದು ಬಿಳಿ ಅಂಗಿಗೆ ಬಿತ್ತು. ಗಬಕ್ಕನೆ ಬಾಯಿ ಮುಚ್ಚಿಕೊಂಡ. ಯಾರೋ ಕಿಸಕ್ಕೆಂದರು. ಆಮೇಲೆ ಕೋಣೆಯೇ ನಕ್ಕಿತು. ಯಮನೂರನೂ ನಕ್ಕ.

ಆ ನಗುವಿನ ನಡುವೆ ದುರಗೇಶ, "ನಂದ ತಪ್ಪು," ಎಂದ. "ಅವತ್ತ ಹೇಳಬೇಕಂತ ಮಾಡಿದ್ದೆ. ಬಾಯಿ ತಗದಾಗೆಲ್ಲ ಯಾರರ ಒಬ್ಬರು ನಡುವ ಬಾಯಿ ಹಾಕ್ತಿದ್ರು. ಚರ್ಮ ನಾ ಹಾಕಿಸಿ ಕೊಡ್ತೀನಿ."

"ತಲಿ ಒಡೀಬಾರದಿತ್ತು ನಾನೂ," ಎಂದ ಯಮನೂರ.

ಗದಿಗೆಪ್ಪ ಎದ್ದು ಹೊರಗೆ ಹೋಗಿ ಉಗುಳಿ, ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು ಬಂದ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಸುಣ್ಣ ಹೆಚ್ಚಾಗಿತ್ತು," ಎಂದ.

ಮರುದಿನದಿಂದ ಕೋಣೆ ತುಂಬತೊಡಗಿತು.

ಹುಣ್ಣಿಮೆ ಬಂತು. ಹೊತ್ತು ಮುಳುಗುವ ಮುಂಚೆ ಊರ ಗೌಡರು ಇಬ್ಬರು ಹಿರಿಯರೊಂದಿಗೆ ಕೋಣೆಗೆ ಬಂದರು. ಒಬ್ಬರ ಕೈಯಲ್ಲಿ ದೊಡ್ಡ ಹಿತ್ತಾಳೆ ಬೀಗ. ನೀಲವ್ವ ಆಗಷ್ಟೇ ಏನೋ ಹೇಳುತ್ತಿದ್ದಳು, ಅದನ್ನು ನೋಡಿ ಮಾತು ಅಲ್ಲಿಗೇ ನಿಂತಿತು.

"ಗದಿಗೆಪ್ಪ," ಎಂದರು ಗೌಡರು. "ದೂರು ಹೇಳಿದಾವ ನೀನ. ಇಲ್ಲಿ ಕುಂತಾವನೂ ನೀನ. ಈಗ ನೀನ ಹೇಳು. ಈ ಹುಡುಗರನ್ನ ನಂಬಬಹುದೇನು?"

ಎಲ್ಲರೂ ಗದಿಗೆಪ್ಪನ ಕಡೆ ತಿರುಗಿದರು. ಅವನ ಬಾಯಿ ತುಂಬ ಎಲೆ. ಎದ್ದು ಉಗುಳಿ ಬಂದಿದ್ದರೆ ಮುಗಿಯುತ್ತಿತ್ತು. ಅವನ ದನಿಗೆ ಹತ್ತು ಊರಿನ ಸಂತೆ ತಲೆಬಾಗಿತ್ತು, ಗೌಡರದೇನು ಮಹಾ.

ಗದಿಗೆಪ್ಪ ಏಳಲಿಲ್ಲ. ತಡೀರಿ ಎಂಬಂತೆ ಗೌಡರಿಗೆ ಒಂದು ಬೆರಳೆತ್ತಿ ತೋರಿಸಿದ. ಆಮೇಲೆ ಅದೇ ಬೆರಳನ್ನು ನೀಲವ್ವನ ಕಡೆ ತಿರುಗಿಸಿದ. ಅವಳ ಮಾತು ಇನ್ನೂ ಮುಗಿದಿರಲಿಲ್ಲವಲ್ಲ.

ಆ ಊರಲ್ಲಿ ಗೌಡರಿಗೆ ಬೆರಳೆತ್ತಿ ತಡೀರಿ ಅಂದವರು ಅದೇ ಮೊದಲು. ಗೌಡರಿಗೆ ಏನು ಮಾಡಬೇಕೋ ತಿಳಿಯದೆ ಚಾಪೆಯ ಮೇಲೆ ಕೂತರು.

ನೀಲವ್ವ ಎದ್ದು ನಿಂತಳು.

"ನಮ್ಮ ತಪ್ಪು ಮೊದಲ ಹೇಳ್ತೀನ್ರಿ. ಬಡದಾಡಿದ್ದು ಖರೆ. ಹೊತ್ತು ಗೊತ್ತಿಲ್ಲದ ಹಲಗಿ ಬಾರಿಸಿದ್ದು ಖರೆ. ಹಲಗಿಗೆ ಹೊಸಾ ಚರ್ಮ ಹಾಕಸೀವಿ, ಇಬ್ಬರೂ ಕೂಡಿ ಹೋಗಿ ಹಾಕಿಸಿಕೊಂಡು ಬಂದಾರ. ಈಗ ದೀಪಾ ಹಚ್ಚೂದ್ರಾಗ ಹಲಗಿ ಮುಗಿಸ್ತೀವಿ. ಕಸಾ ಎಲ್ಲಾರೂ ಪಾಳಿ ಮ್ಯಾಲ ಹೊಡೀತಾರ. ನಾಳಿಗೂ ನಾವು ತಪ್ಪು ಮಾಡಬಹುದ್ರಿ. ಮಾಡಿದ್ರ ಈ ಕೋಣ್ಯಾಗ ಕುಂತ ಮಾತಾಡ್ತೀವಿ. ಕೀಲಿ ಜಡದ್ರ ಎಲ್ಲಿ ಕುಂತು ಮಾತಾಡೂಣ್ರಿ?"

ಗೌಡರು ಕೋಣೆಯನ್ನೊಮ್ಮೆ ಸುತ್ತ ನೋಡಿದರು. ಆಮೇಲೆ ಆ ಬೀಗದ ಕೀಲಿಕೈ ತೆಗೆದು ಗದಿಗೆಪ್ಪನ ಮುಂದೆ ಹಿಡಿದರು.

"ತಗೋ. ನಿನ್ನ ಜವಾಬ್ದಾರಿ."

ಈಗ ಗದಿಗೆಪ್ಪ ಎದ್ದ. ಹೊರಗೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ, ನಿಧಾನ ಒಳಗೆ ಬಂದ.

"ನನಗ್ಯಾಕ್ರಿ ಗೌಡ್ರ? ನಾ ಎದುರು ಮನ್ಯಾಗ ಇರ್ತೀನಿ. ಇವರು ಬಾಗಲಾ ತಗದ್ರ ಬರ್ತೀನಿ."

ಗೌಡರು ಅವನ ಮುಖ ನೋಡಿದರು. ಕೀಲಿಕೈಯನ್ನು ನೀಲವ್ವನ ಅಂಗೈಯಲ್ಲಿಟ್ಟು ಎದ್ದು ಹೋದರು. ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಅತ್ತುಬಿಟ್ಟಳು.

ಹುಡುಗರು ಹಲಗಿ ಎತ್ತಿಕೊಂಡರು. ಮೂರನೇ ಪೆಟ್ಟು ಆವತ್ತೂ ತಪ್ಪಿತು. ಗದಿಗೆಪ್ಪ ಏನೂ ಅನ್ನಲಿಲ್ಲ, ಇನ್ನೊಂದು ಎಲೆ ಮಡಚಿದ.

ಅಲ್ಲಿಂದ ಮುಂದೆ ಅಡಿವೆಯ್ಯ ಜೋಳಿಗೆ ಹಾಕಿಕೊಂಡು ಹೊಳೆಸಾಲಿನ ಉಳಿದ ಊರುಗಳಿಗೆ ಹೊರಟ. ಊರು ಹೊಕ್ಕ ಕೂಡಲೇ ಅವನು ಕೇಳುತ್ತಿದ್ದದ್ದು ಒಂದೇ ಮಾತು.

"ಈ ಊರಾಗ ಹುಡುಗರನ್ನ ಎಲ್ಲಾರಿಗಿಂತ ಹೆಚ್ಚು ಬೈಯಾವರ ಮನಿ ಯಾವುದ್ರಿ?"

ಜನ ನಕ್ಕು ಕೈ ತೋರಿಸುತ್ತಿದ್ದರು. ಎಲ್ಲಾ ಬೈಯುವವರೂ ಗದಿಗೆಪ್ಪನಾಗಲಿಲ್ಲ. ಕೆಲವರು ಬರೀ ಬೈದು ಕಳಿಸಿದರು. ಕೆಲವರು ಒಂದು ಸಂಜೆ ಬಂದು ಮತ್ತೆ ಬರಲಿಲ್ಲ. ಬಂದು ನಿಂತವರ ಹತ್ತಿರ ಮಾತ್ರ ಗದಿಗೆಪ್ಪ ತಾನೇ ಹೋಗಿ, ಒಂದೆರಡು ಸಂಜೆ ಪಕ್ಕದಲ್ಲಿ ಕೂತು, ಅವರು ಹುಡುಗರ ಮಾತಿನ ನಡುವೆ ಬಾಯಿ ತೆರೆದಾಗೆಲ್ಲ ಒಂದೊಂದು ಎಲೆ ಕೊಟ್ಟು ಬರುತ್ತಿದ್ದ.

ಒಂದು ದಿನ ಅಡಿವೆಯ್ಯ ಪೆಟ್ಟಿಗೆಯಲ್ಲಿ ಒಂದು ಶಾಲು ಉಳಿದಿದ್ದನ್ನು ಕಂಡ. ಮರುದಿನ ಮುಂಜಾನೆ ಅದನ್ನು ತೆಗೆದುಕೊಂಡು ಅಜ್ಜನ ಹತ್ತಿರ ಬಂದ. ಅಜ್ಜ ಹುಣಸೆ ಮರದ ಕೆಳಗೆ ಹೊಸ ಸಂಚಿಗೆ ದಾರ ಪೋಣಿಸುತ್ತಿದ್ದರು.

"ಅಜ್ಜಾರ, ಈ ಶಾಲು ಗದಿಗೆಪ್ಪನ ಸಲುವಾಗಿ ಅಂತ ನಿನ್ನಿ ಹೇಳಿ ಬಂದೆ. ಶಾಲು ಬ್ಯಾಡ, ಎಲಿ ತೀರ್ಯಾವ, ಎಲಿ ಕಳಸು ಅಂದಾನ."

ಅಜ್ಜ ನಕ್ಕರು.

ಅಡಿವೆಯ್ಯ ಶಾಲನ್ನು ಮಡಿಲಲ್ಲಿಟ್ಟುಕೊಂಡು ಕೂತ. ಬಹಳ ದಿನಗಳಿಂದ ಒಂದು ಮಾತು ಅವನ ಗಂಟಲಲ್ಲಿತ್ತು.

"ಶಾಲಿನಿಂದ ಏನೂ ಆಗೂದಿಲ್ಲ ಅಂತ ನಿಮಗ ಮೊದಲ ಗೊತ್ತಿತ್ತಲ್ರಿ?"

"ಹೂಂ."

"ನಾ ಸಭಾ ಮಾಡ್ತೀನಿ ಅಂದಾಗ ನೀವು ಒಂದು ಮಾತು ಹೇಳಿದ್ರ ನಾ ಅಷ್ಟು ಒದ್ದಾಡತಿರಲಿಲ್ಲ. ಯಾಕ ಹೇಳಲಿಲ್ರಿ ಅಜ್ಜಾರ?"

ಅಜ್ಜ ಸಂಚಿಗೆ ಕಡೆಯ ಗಂಟು ಹಾಕಿ, ಅದನ್ನು ಶಿಷ್ಯನ ಕೈಯಲ್ಲಿಟ್ಟರು.

"ಆವತ್ತ ನನ್ನ ಬಾಯಿ ತುಂಬಿತ್ತೋ ತಮ್ಮಾ."